ಮೀಟರಿನ ಮುಖಕ್ಕೆ ವಿಭೂತಿ

ಗಾಬರಿಯಾದರೆ ನನಗೆ ನಗು ಬರುತ್ತದೆ. ಹಲ್ಲಿನ ಡಾಕ್ಟರಿಗೆ ಒಪ್ಪುವ ಗುಣವಲ್ಲ ಇದು, ಗೊತ್ತು. ದವಡೆ ಊದಿಸಿಕೊಂಡು ಬಂದವರ ಮುಂದೆ ಕಿಸಕ್ಕನೆ ನಕ್ಕು ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಆ ಮಂಗಳವಾರ ಬೆಳಿಗ್ಗೆ ಮೊಳಕಾಲ್ಮೂರಿನ ಕ್ಲಿನಿಕ್ಕಿನ ಷಟರ್ ಎತ್ತುತ್ತಿದ್ದ ಹಾಗೇ ಜಿಲ್ಲೆಯ ಕಚೇರಿಯಿಂದ ಫೋನ್ ಬಂತು. "ನಾಳೆ ಹನ್ನೊಂದಕ್ಕೆ ನಿಮ್ಮಲ್ಲಿ ತಪಾಸಣೆ ಐತೆ ಮೇಡಂ. ಯಂತ್ರ, ಕಾಗದಪತ್ರ ಸರಿ ಇದ್ರೆ ನೋಂದಣಿ ಮುಂದುವರಿಯುತ್ತೆ. ಇಲ್ಲಾಂದ್ರೆ ಬೋರ್ಡ್ ಇಳಿಸ್ಬೇಕಾಗುತ್ತೆ." ನಾನು ನಕ್ಕೆ. ಆ ಕಡೆಯವರು "ಹಲೋ? ಹಲೋ?" ಎಂದು ಎರಡು ಸಲ ಕೂಗಿ ಇಟ್ಟುಬಿಟ್ಟರು.

ನನ್ನ ಮನೆ, ದೊಡ್ಡ ಕ್ಲಿನಿಕ್ಕು ಎರಡೂ ಚಳ್ಳಕೆರೆಯಲ್ಲಿ. ಮೊಳಕಾಲ್ಮೂರಿಗೆ ಬರುವುದು ವಾರಕ್ಕೆ ಎರಡೇ ದಿನ, ಮಂಗಳವಾರ ಮತ್ತು ಶುಕ್ರವಾರ. ಅಲ್ಲಿ ಹಲ್ಲು ಕೀಳುವವಳು ನಾನು, ಯಜಮಾನಿಕೆ ಮಾತ್ರ ನಮ್ಮ ಸಹಾಯಕಿ ಅಕ್ಕನದು. ನನಗಿಂತ ಹತ್ತು ವರ್ಷ ದೊಡ್ಡವರು. ನೇಕಾರರ ಮನೆಯವರು, ಮನೆಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ, ಸಿಟ್ಟು ಬಂದರೆ ಯಾವ ಭಾಷೆಯೂ ಇಲ್ಲ. ಬಾಯಿ ಹೊಲಿದ ಹಾಗೆ ಸುಮ್ಮನಾಗಿಬಿಡುತ್ತಾರೆ. ಹನ್ನೆರಡು ವರ್ಷದಿಂದ ಆ ಮೌನಕ್ಕೆ ಹೆದರುತ್ತಿದ್ದೇನೆ, ಆದರೂ ನನ್ನ ನಾಲಿಗೆ ಹಿಡಿತಕ್ಕೆ ಬಂದಿಲ್ಲ.

ಒಳಗೆ ಕಾಲಿಟ್ಟರೆ ಕ್ಲಿನಿಕ್ಕು ಗುಡಿಯಾಗಿತ್ತು. ಹೋದ ಶುಕ್ರವಾರ ಆಯುಧಪೂಜೆ ಮಾಡಿದ್ದೆವಲ್ಲ, ಅದೆಲ್ಲ ಹಾಗೇ ಇತ್ತು. ಎಕ್ಸ್‌ರೇ ಯಂತ್ರದ ತಲೆಗೆ ಕುಂಕುಮ, ರೋಗಿಗಳ ಕುರ್ಚಿಗೆ ಬಾಡಿದ ಚೆಂಡುಹೂವು, ಕಂಪ್ರೆಸರಿಗೆ ನಿಂಬೆಹಣ್ಣು, ಗೋಡೆಗೆ ನೇತು ಹಾಕಿದ ಬೆಂಕಿ ಆರಿಸುವ ಸಿಲಿಂಡರಿಗೂ ಒಂದು ಸೇವಂತಿಗೆ ಹಾರ. ಆಟೋಕ್ಲೇವಿಗಂತೂ ಪೂರ್ತಿ ಅಲಂಕಾರ. ಆಟೋಕ್ಲೇವ್ ಅಂದರೆ ದೊಡ್ಡ ಕುಕ್ಕರ್ ಎಂದುಕೊಳ್ಳಿ. ಹಲ್ಲು ಕೀಳುವ ಇಕ್ಕಳ, ಪುಟ್ಟ ಕನ್ನಡಿ, ಕೊಕ್ಕೆಗಳನ್ನು ಚೀಲಗಳಲ್ಲಿಟ್ಟು, ಒತ್ತಡದ ಹಬೆಯಲ್ಲಿ ಬೇಯಿಸಿ, ಒಂದು ಕ್ರಿಮಿಯೂ ಉಳಿಯದಂತೆ ಮಾಡುವ ಯಂತ್ರ. ಒಳಗಿನ ಒತ್ತಡ ತೋರಿಸಲು ಮುಂಭಾಗದಲ್ಲಿ ಗಡಿಯಾರದಂಥ ಮೀಟರ್ ಇರುತ್ತದೆ. ಅಕ್ಕನ ಕಣ್ಣಿಗೆ ಅದೇ ಯಂತ್ರದ ಮುಖ. ಮುಖ ಎಂದ ಮೇಲೆ ವಿಭೂತಿ ಬೇಡವೇ? ಮೂರು ಪಟ್ಟೆ ಬಳಿದಿದ್ದರು, ಗಾಜೇ ಕಾಣದ ಹಾಗೆ.

"ಅಕ್ಕಾ, ಒರೆಸ್ರಿ ಇದನ್ನೆಲ್ಲ! ನಾಳೆ ಬರೋರು ಕಾಯಿ ಒಡಿಯೋಕೆ ಬರ್ತಿಲ್ಲ!"

"ಪೂಜೆ ಮಾಡಿದ ವಿಭೂತಿ ಕೈಯಾರೆ ಒರೆಸ್ಬಾರ್ದು ಡಾಕ್ಟ್ರಮ್ಮ. ತಾನಾಗೇ ಉದುರ್ಬೇಕು."

"ಅದು ಉದುರೋ ಹೊತ್ತಿಗೆ ನಮ್ ಬೋರ್ಡೇ ಉದುರಿರ್ತೈತೆ."

"ವರ್ಷಪೂರ್ತಿ ದುಡಿಯೋ ಯಂತ್ರಕ್ಕೆ ನಾಕು ದಿನ ಮರ್ಯಾದೆ ಬ್ಯಾಡವಾ?"

ಮಾತಿನಲ್ಲಿ ಅವರನ್ನು ಗೆದ್ದವರು ಮೊಳಕಾಲ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ನಾನೇ ಹತ್ತಿ ಒದ್ದೆ ಮಾಡಿಕೊಂಡು, ಕಿಸಕಿಸ ನಗುತ್ತ, ಮೀಟರ್ ಒರೆಸಿದೆ. ಸ್ವಿಚ್ ಆರಿಸಿತ್ತು, ಯಂತ್ರ ತಣ್ಣಗಿತ್ತು, ಬಾಗಿಲು ತೆರೆದೇ ಇತ್ತು. ಮುಳ್ಳು ಸೊನ್ನೆಯ ಮೇಲಿರಬೇಕು. ಅದು ಹದಿನೈದರ ಹತ್ತಿರ ನಿಂತಿತ್ತು. ಬೆರಳಿನಿಂದ ತಟ್ಟಿದೆ. ಅಲ್ಲಾಡಲಿಲ್ಲ. ಇನ್ನೊಮ್ಮೆ ತಟ್ಟಿದೆ. ಊಹೂಂ. ನನ್ನ ನಗು ನಿಂತುಹೋಯಿತು.

ಶುಕ್ರವಾರ ಪೂಜೆಗೆ ಮುಂಚೆ ಅದು ಸೊನ್ನೆಯಲ್ಲಿದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಅಂದರೆ ಕೆಟ್ಟದ್ದು ಆಮೇಲೆ, ವಿಭೂತಿಯ ಮರೆಯಲ್ಲಿ. ಮೀಟರ್ ಒಂದೇ ಕೆಟ್ಟಿತ್ತೋ, ಅಥವಾ ಒಳಗೆ ಒತ್ತಡವೇ ಬಂದಿರಲಿಲ್ಲವೋ? ಬರದಿದ್ದರೆ ಅವತ್ತು ಬಳಸಿದ ಇಕ್ಕಳ ಶುದ್ಧವಲ್ಲ. ಆ ಇಕ್ಕಳದಿಂದ ನಾನು ಕೊಂಡ್ಲಹಳ್ಳಿಯ ನಿವೃತ್ತ ಮೇಷ್ಟ್ರಿಗೆ ಎರಡು ದವಡೆ ಹಲ್ಲು ಕಿತ್ತಿದ್ದೆ. ಅವರಿಗೆ ಸಕ್ಕರೆ ಕಾಯಿಲೆ. ಒಮ್ಮೆ ನಂಜಾದರೆ ಬೇಗ ಮಾಯುವ ಮೈಯಲ್ಲ. ಬೋರ್ಡು ಹಾಳಾಗಿ ಹೋಗಲಿ, ಮೇಷ್ಟ್ರ ಗತಿ ಏನು? ಫೋನ್ ಮಾಡಿದೆ. ಸ್ವಿಚ್ ಆಫ್. ಹತ್ತು ನಿಮಿಷ ಬಿಟ್ಟು ಮಾಡಿದೆ. ಸ್ವಿಚ್ ಆಫ್.

ಆ ಶುಕ್ರವಾರದ ಇನ್ನೊಂದು ಸಂಗತಿ ಹೇಳಲೇಬೇಕು. ಮೇಷ್ಟ್ರು ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದರು, ಹೊರಗೆ ಬೆಂಚಿನ ತುಂಬ ಜನ. ಇಕ್ಕಳ ಬರಲೇ ಇಲ್ಲ. ಮುಕ್ಕಾಲು ಗಂಟೆ ಕಾದು ಕಾದು ನನ್ನ ತಲೆ ಕೆಟ್ಟಿತ್ತು. "ಏನಕ್ಕ, ಇಕ್ಕಳ ಇನ್ನೂ ಪೂಜೆಗೇ ಕೂತೈತಾ? ಇವತ್ತು ದೇವ್ರೇ ಬಂದು ಹಲ್ಲು ಕೀಳ್ತಾನಾ?" ಎಂದು ಬೆಂಚಿಗೂ ಕೇಳುವಂತೆ ಕೂಗಿದ್ದೆ. ಬೆಂಚು ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಊದಿದ ಕೆನ್ನೆಯಲ್ಲೇ ನಕ್ಕರು. ಅಕ್ಕ ಏನೂ ಹೇಳದೆ ಒಳಗೆ ಹೋದರು.

ಮಂಗಳವಾರ ಬಂದವರನ್ನೆಲ್ಲ ನಾಳೆ ಬನ್ನಿ ಎಂದು ಕೈಮುಗಿದು ವಾಪಸ್ ಕಳಿಸಿ, ಚಳ್ಳಕೆರೆಯ ಭಾಯ್‌ಗೆ ಫೋನ್ ಮಾಡಿದೆ. ಸುತ್ತಮುತ್ತಲ ಡಾಕ್ಟರುಗಳ ಆಟೋಕ್ಲೇವೂ ಅವರೇ ರಿಪೇರಿ ಮಾಡುವುದು, ಡಾಕ್ಟರುಗಳ ಹೆಂಡಂದಿರ ಕುಕ್ಕರೂ ಅವರೇ. ಊಟದ ಹೊತ್ತಿಗೆ ಚೀಲ ಹಿಡಿದು ಬಸ್ಸಿಳಿದರು. ತಮ್ಮದೇ ಒಂದು ಮೀಟರ್ ಜೋಡಿಸಿ ಯಂತ್ರ ಓಡಿಸಿದರು. ಮುಳ್ಳು ಏರಿತು, ನಿಲ್ಲಬೇಕಾದಲ್ಲಿ ನಿಂತಿತು, ಇಳಿಯಿತು. ಎರಡನೇ ಸಲವೂ ಹಾಗೇ.

"ಯಂತ್ರ ಪಕ್ಕಾ ಐತೆ ಮೇಡಂ. ಮೀಟರ್ ಸತ್ತೈತೆ, ಅಷ್ಟೇ. ಹೊಸದು ಹಾಕಿ ರಸೀದಿ ಬರ್ಕೊಡ್ತೀನಿ. ಫಿಕರ್ ಮಾಡ್ಬ್ಯಾಡಿ."

"ಹಂಗಾದ್ರೆ ಶುಕ್ರವಾರನೂ ಸರಿಯಾಗೇ ಓಡಿತ್ತಾ ಭಾಯ್?"

ಭಾಯ್ ಸ್ಪ್ಯಾನರ್ ಕೆಳಗಿಟ್ಟರು. "ಇವತ್ತಿಂದು ನಾನು ಹೇಳ್ತೀನಿ. ಶುಕ್ರವಾರದ್ದು ಖುದಾನೇ ಹೇಳ್ಬೇಕು."

"ಖುದಾ ಯಾಕೆ? ನಾನ್ ಹೇಳ್ತೀನಿ" ಎಂದರು ಅಕ್ಕ, ಬಾಗಿಲಲ್ಲಿ ನಿಂತು.

ಒಳಗಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತಂದರು. ಪ್ರತಿ ಸಲ ಆಟೋಕ್ಲೇವ್ ತುಂಬಿದಾಗ ಸಾಮಾನಿನ ನಡುವೆ ಒಂದು ಕಾಗದದ ಪಟ್ಟಿ ಇಡುತ್ತೇವೆ. ಹಬೆ ಚೆನ್ನಾಗಿ ಆಡಿದರೆ ಅದರ ಗೆರೆ ಕಪ್ಪಾಗುತ್ತದೆ, ಇಲ್ಲದಿದ್ದರೆ ಪೇಲವವಾಗೇ ಉಳಿಯುತ್ತದೆ. ಆ ಪಟ್ಟಿಗಳನ್ನು ರಿಜಿಸ್ಟರಿಗೆ ಅಂಟಿಸಿ, ತಾರೀಖು ಬರೆದು, ಸಹಿ ಹಾಕಬೇಕೆಂಬುದು ನಿಯಮ. ಅದು ನನ್ನ ಕೆಲಸ. ರಿಜಿಸ್ಟರಿನ ಎರಡನೇ ಪುಟಕ್ಕೇ ನನ್ನ ಉತ್ಸಾಹ ಮುಗಿದಿತ್ತು. ಪಟ್ಟಿಗಳೆಲ್ಲ ಕಸದ ಬುಟ್ಟಿಗೆ ಹೋಗುತ್ತಿವೆ ಎಂದೇ ಇಷ್ಟು ದಿನ ತಿಳಿದಿದ್ದೆ.

ಡಬ್ಬಿಯಿಂದ ಒಂದು ಸರ ಬಂತು. ಬಂತು, ಬಂತು, ಬರುತ್ತಲೇ ಇತ್ತು. ಪಟ್ಟಿಗೆ ಪಟ್ಟಿ ರೇಷ್ಮೆ ದಾರದಲ್ಲಿ ಗಂಟು. ಒಂದೊಂದು ದಿನಕ್ಕೆ ಒಂದೊಂದು ಬಣ್ಣ, ಸೀರೆ ನೇಯ್ದು ಉಳಿದ ಎಳೆಗಳು. ಟೇಬಲ್ ಸುತ್ತಿ ಕುರ್ಚಿಯ ಮೇಲೆ ಹತ್ತಿ ಭಾಯ್‌ ಅವರ ಮೊಣಕಾಲಿನವರೆಗೆ ಬಂತು.

"ಇದನ್ಯಾಕಕ್ಕ ಇಟ್ಕಂಡಿದೀರಿ?"

"ಮಗ್ಗದ ಮೇಲೆ ಹಳೇ ಎಳೆ ಪೂರ್ತಿ ಕತ್ತರಿಸಿದ್ದುಂಟಾ? ಅದರ ತುದಿಗೇ ಹೊಸ ಎಳೆ ಗಂಟು ಹಾಕ್ಬೇಕು. ಕೈಗೆ ಅದೇ ಅಭ್ಯಾಸ." ಹಸಿರು ದಾರ ಹಿಡಿದು ತೋರಿಸಿದರು. "ಇದು ಶುಕ್ರವಾರದ್ದು."

ಹಸಿರು ದಾರದಲ್ಲಿ ಮೂರು ಪಟ್ಟಿಗಳಿದ್ದವು. ಮೊದಲನೆಯದು ಪೇಲವ!

"ಹಬ್ಬ ಅಂತ ಇರೋಬರೋ ಸಾಮಾನೆಲ್ಲ ಒಟ್ಟಿಗೇ ತುರುಕಿದ್ದೆ ಡಾಕ್ಟ್ರಮ್ಮ. ತಪ್ಪು ನಂದೇ. ಹಬೆ ಆಡೋಕೆ ಜಾಗ ಇಲ್ದೆ ಪಟ್ಟಿ ಕರೀಗಾಗ್ಲಿಲ್ಲ. ಅದಕ್ಕೇ ಅರ್ಧರ್ಧ ಮಾಡಿ ಮತ್ತೆರಡು ಸಲ ಬೇಯಿಸ್ದೆ. ನೋಡ್ರಿ, ಎರಡೂ ಕರೀಗೈತೆ. ಆಮೇಲೇ ಇಕ್ಕಳ ತಂದ್ಕೊಟ್ಟೆ."

"ಮೀಟರಿಗೆ ವಿಭೂತಿ ಬಳಿದು ಅದು ಹೆಂಗೆ ಬೇಯಿಸಿದ್ರಿ?"

"ಕುಕ್ಕರ್ ನೋಡ್ಕಂಡು ಯಾರು ಅನ್ನ ಮಾಡ್ತಾರೆ? ಸೀಟಿ ಕೇಳ್ಕಂಡು ಮಾಡ್ತಾರೆ. ಸಾಲ್ದಕ್ಕೆ ಪಟ್ಟಿ ಐತಲ್ಲ ಸಾಕ್ಷಿಗೆ."

ಆ ಮುಕ್ಕಾಲು ಗಂಟೆ! "ಅವತ್ತೇ ಹೇಳ್ಬಾರ್ದಿತ್ತಾ ಅಕ್ಕ?"

"ಹೇಳೋಕೆ ಬಿಟ್ರಾ ನೀವು?"

ನನಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಕುಣಿದೇ ಬಿಟ್ಟೆ. ಅಕ್ಕನನ್ನು ತಬ್ಬಿಕೊಂಡು ಎರಡು ಸುತ್ತು ತಿರುಗಿಸಿದೆ. ಸರ ಇಬ್ಬರ ಕಾಲಿಗೂ ಸುತ್ತಿಕೊಂಡಿತು. "ಅಯ್ಯೋ ದೇವುಡಾ, ಬಿಡ್ರಿ!" ಎಂದು ಅಕ್ಕ ಕಿರುಚಿದರು. ಭಾಯ್ ಗೋಡೆ ನೋಡುತ್ತ, ಹೊಸ ಮೀಟರಿನ ತಿರುಪು ಬಿಗಿ ಮಾಡಿದರು.

ಮರುದಿನ ಹನ್ನೊಂದಕ್ಕೆ ಸರಿಯಾಗಿ ಕನ್ನಡಕದ ಅಧಿಕಾರಿಣಿಯೊಬ್ಬರು ಬಂದರು. ಮುಖದಲ್ಲಿ ನಗುವಿನ ಸುಳಿವಿಲ್ಲ. ಎಕ್ಸ್‌ರೇ ಕಾಗದ ನೋಡಿದರು, ಬೆಂಕಿ ಸಿಲಿಂಡರಿನ ತಾರೀಖು ನೋಡಿದರು, ರಿಜಿಸ್ಟರ್ ತೆರೆದರು. ಎರಡನೇ ಪುಟದಿಂದಾಚೆ ಖಾಲಿ. ನಾನು ಇದ್ದದ್ದನ್ನು ಇದ್ದ ಹಾಗೇ ಒದರಿಬಿಟ್ಟೆ: ವಿಭೂತಿ, ಸತ್ತ ಮೀಟರ್, ನನ್ನ ಸೋಮಾರಿತನ, ಎಲ್ಲ. ಅವರು ರಸೀದಿ ಓದಿದರು. ಸರವನ್ನು ಒಂದೊಂದೇ ಪಟ್ಟಿ ಹಿಡಿದು ಕೊನೆಯವರೆಗೂ ನೋಡಿದರು.

"ಕೆಲಸ ಸರಿಯಾಗೇ ನಡೆದಿದೆ, ಬರವಣಿಗೆ ಇಲ್ಲ. ಹದಿನೈದು ದಿನ ಕೊಡ್ತೀನಿ, ಇದನ್ನೆಲ್ಲ ರಿಜಿಸ್ಟರಿಗೆ ಅಂಟಿಸಿ ತೋರಿಸಿ. ಅಲ್ಲಿವರೆಗೂ ಬೋರ್ಡ್ ಇರ್ಲಿ. ಮೀಟರಿನ ಮೇಲೆ ಮಾತ್ರ ಏನೂ ಬಳಿಯಬೇಡಿ. ದಿನಾ ಸಹಿ ಯಾರು ಹಾಕ್ತೀರಾ?"

"ನಾನು" ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. "ಅಕ್ಕ" ಎಂದೆ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಕೈಯಲ್ಲಿ ಚಕ್ಕುಲಿ! "ಮೊಬೈಲ್ ನೀರಿಗೆ ಬಿದ್ದಿತ್ತು ಕಣಮ್ಮ. ಇವತ್ತು ಬಸ್ ಸಿಕ್ತು, ತೋರಿಸ್ಕಂಡು ಹೋಗಣ ಅಂತ ಬಂದೆ" ಎಂದು ಕುರ್ಚಿ ಏರಿದರು. ಕೈ ಹಾಕದೆ ಬಗ್ಗಿ ಬಾಯೊಳಗೆ ನೋಡಿದೆ. ಊತವಿಲ್ಲ, ಕೀವಿಲ್ಲ, ವಸಡು ಗುಲಾಬಿಯಾಗಿ ಕೂಡಿಕೊಳ್ಳುತ್ತಿತ್ತು. ಮೇಷ್ಟ್ರು ಅಕ್ಕನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ಏನಮ್ಮಾ, ಇವತ್ತೂ ದೇವ್ರೇ ಬಂದು ಹಲ್ಲು ಕೀಳ್ತಾನಾ?"

ಬೆಂಚು ನಕ್ಕಿತು. ನನಗೆ ನಗು ಬರಲಿಲ್ಲ.

"ಮೇಷ್ಟ್ರೇ" ಎಂದೆ, ಬೆಂಚಿಗೂ ಕೇಳುವಂತೆ, "ಅವತ್ತು ನಾನು ಎಲ್ರ ಮುಂದೆ ಅಕ್ಕನ್ನ ಆಡ್ಕಂಡೆ. ತಪ್ಪು ನಂದು. ನಿಮ್ಗೆ ನಂಜಾಗ್ಬಾರ್ದು ಅಂತ ಅವ್ರು ಇಕ್ಕಳ ಎರಡನೇ ಸಲ ಬೇಯಿಸ್ತಿದ್ರು. ಅದಕ್ಕೇ ತಡ ಆಗಿದ್ದು."

ಅಧಿಕಾರಿಣಿ ಪೆನ್ನಿನ ಕ್ಯಾಪ್ ಹಾಕುವುದನ್ನು ನಿಲ್ಲಿಸಿದರು. ಅಕ್ಕ ನನ್ನ ಮುಖ ನೋಡಿದರು. ಆಮೇಲೆ ಹೋಗಿ ನಲ್ಲಿ ತಿರುಗಿಸಿದರು.

"ಆಯ್ತು ಬಿಡ್ರಿ ಡಾಕ್ಟ್ರಮ್ಮ. ಮೊದ್ಲು ಕೈ ತೊಳ್ಕಳ್ರಿ. ಮೇಷ್ಟ್ರು ಬಾಯಿ ತೆರ್ಕಂಡು ಕೂತವ್ರೆ."

ಮೊಣಕೈವರೆಗೂ ತೊಳೆದುಕೊಂಡೆ.