ಫೋಟೋದ ಕೆಳಗಿನ ಸಾಲು

ನಗು ಬಂದರೆ ಅವರ ತುಟಿ ಅಲುಗುತ್ತಿರಲಿಲ್ಲ, ಎಡಗಿವಿ ಕೆಂಪಾಗುತ್ತಿತ್ತು. ಲಕ್ಷಾಂತರ ಜನರನ್ನು ನಗಿಸುತ್ತಿದ್ದ ಆ ಮನುಷ್ಯ ಸದ್ದು ಮಾಡಿ ನಕ್ಕಿದ್ದನ್ನು ನಾನು ಕಂಡೇ ಇಲ್ಲ. ಹೊಸ ಜೋಕು ಓದಿ ಹೇಳಿ, ಆಫೀಸಿನ ನಾವು ಮೂವರೂ ಅವರ ಕಿವಿ ನೋಡುತ್ತಿದ್ದೆವು. ಕೆಂಪಾದರೆ ಅದು ನಮ್ಮ ವೆಬ್‌ಸೈಟಿಗೆ ಹೋಯಿತು, ಇಲ್ಲವಾದರೆ ಕಸಕ್ಕೆ.

ಅವರು ನನ್ನ ಬಾಸ್. ಮೈಸೂರಿನವರು. ೨೦೦೮ರಲ್ಲಿ, ಎಲ್ಲರೂ ಇದ್ದ ಕೆಲಸವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಹೊತ್ತಿನಲ್ಲಿ, ಅಮೆರಿಕದ ಸ್ಟರ್ಲಿಂಗ್ ಊರಿನ ಡೇಟಾ ಸೆಂಟರ್ ಕೆಲಸ ಬಿಟ್ಟು ತಮಾಷೆ ಫೋಟೋಗಳ ವೆಬ್‌ಸೈಟ್ ತೆರೆದರು.

"ಇವ್ರೇನ್ ಕೆಲಸ ಮಾಡ್ತಾರೆ ಅಂತ ಜನ ಕೇಳಿದ್ರೆ ಏನ್ ಹೇಳ್ಲಿ?" ಎಂದು ಅವರ ಹೆಂಡತಿ, ನಮಗೆಲ್ಲ ಆಂಟಿ, ರೇಗುತ್ತಿದ್ದರು.

"ನಗಿಸ್ತಾರೆ ಅಂತ ಹೇಳು."

"ಜನ ಆಗ್ಲೇ ನಗ್ತಾ ಇದ್ದಾರೆ ಬಿಡಿ, ಹೇಳೋದೇ ಬೇಡ."

ಓದುಗರು ಕಳಿಸಿದ ಫೋಟೋಗಳಲ್ಲಿ ಒಳ್ಳೆಯದನ್ನು ಆರಿಸಿ ಕೆಳಗೊಂದು ಸಾಲು ಬರೆಯುವುದು ನನ್ನ ಕೆಲಸ. ಒಮ್ಮೆ ದೂರದ ಡರ್ಹಮ್ ಊರಿನ ಘಟಿಕೋತ್ಸವವೊಂದರ ಫೋಟೋ ಬಂತು. ಸೂಟು ಹಾಕಿದವರ ನಡುವೆ, ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಮನುಷ್ಯನೊಬ್ಬ ಕುರ್ಚಿ ಹತ್ತಿ, ಎರಡೂ ಕೈ ಎತ್ತಿ, ಬಾಯ್ದೆರೆದು ಕೂಗುತ್ತಿದ್ದ. 'ಬಾಗಿಲು ತಪ್ಪಿ ಒಳಗೆ ಬಂದವರು' ಎಂದು ಬರೆದೆ. ಬಾಸ್ ಕಿವಿ ಕೆಂಪಾಯಿತು.

ನಮ್ಮ ಸೈಟಿನಲ್ಲಿ ಅಷ್ಟು ಜನ ನೋಡಿದ ಫೋಟೋ ಇನ್ನೊಂದಿರಲಿಲ್ಲ. ಅದನ್ನು ನೋಡಿಯೇ ಅಟ್ಲಾಂಟಾದ ಕಂಪನಿಯೊಂದು ಸೈಟನ್ನು ಕೊಳ್ಳುವ ಮಾತೆತ್ತಿತು. ಕೆಲಸ ಬಿಟ್ಟು ಬಂದ ಬಾಸ್‌ಗೆ ಅದೊಂದೇ ದಡ.

ಆ ವಾರವೇ ಒಂದು ಇಮೇಲ್ ಬಂತು. 'ಅವರು ನನ್ನ ಅಪ್ಪ. ಬಾಗಿಲು ತಪ್ಪಿರಲಿಲ್ಲ. ಕೋಳಿ ಮಾಂಸದ ಫ್ಯಾಕ್ಟರಿಯ ನೆಲ ತೊಳೆದು, ನನ್ನ ಹೆಸರು ಕರೆಯುವಷ್ಟರಲ್ಲಿ ತಲುಪಬೇಕೆಂದು ಹಾಗೇ ಓಡಿ ಬಂದರು. ನಮ್ಮ ಮನೆಯಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಈಗ ಅವರು ಚರ್ಚಿಗೂ ಹೋಗುತ್ತಿಲ್ಲ.'

ಬಾಸ್ ಅದನ್ನು ಎರಡು ಸಲ ಓದಿ ನನ್ನ ಕಡೆ ತಿರುಗಿದರು.

"ನಿನ್ನ ಗ್ರಾಜುಯೇಶನ್‌ಗೆ ನಿಮ್ಮಪ್ಪ ಬಂದಿದ್ರಾ?"

ನನ್ನಪ್ಪ ದಾವಣಗೆರೆಯಲ್ಲಿ ಲಾರಿ ಮೆಕ್ಯಾನಿಕ್. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ.

"ಬಂದಿದ್ರು. ಗ್ರೀಸ್ ಬಟ್ಟೇಲಿ ಗೇಟ್ ಹತ್ರ ನಿಂತಿದ್ರು. ಒಳಗೆ ಬನ್ನಿ ಅಂತ ನಾನು ಕರೀಲಿಲ್ಲ."

ಬಾಸ್ ಬೈಯಲಿಲ್ಲ. ಅಲ್ಲೇ ನಿಂತು ಫೋಟೋ ತೆಗೆದುಹಾಕಿದರು. "ಅಟ್ಲಾಂಟಾದವ್ರು?" ಎಂದೆ. "ಅವ್ರಿಗೆ ನಾನ್ ಹೇಳ್ತೀನಿ. ಮೊದ್ಲು ಡರ್ಹಮ್‌ಗೆ ಹೋಗ್ಬೇಕು. ನೀನೂ ಬಾ. ಸಾಲು ನಿಂದು, ಸೈಟ್ ನಂದು." ಇಮೇಲ್ ಕಳಿಸಿದ ಮಗಳಿಗೆ ಬರೆದು, ಬರಬಹುದೇ ಎಂದು ಕೇಳಿದರು. ಆ ಶನಿವಾರ ನಾಲ್ಕೂವರೆ ಗಂಟೆ ಡ್ರೈವ್. ದಾರಿಯುದ್ದಕ್ಕೂ ಅವರು ಒಂದು ಜೋಕೂ ಹೇಳಲಿಲ್ಲ.

ಫೋಟೋದ ಆ ಮನುಷ್ಯ ನಮ್ಮನ್ನು ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ನಿಂತ. ನಾನು ತಪ್ಪಾಯಿತೆಂದೆ. ಬಾಸ್ ಕೂಡ ಅಷ್ಟನ್ನೇ ಹೇಳಿದರು. ಅವರ ಎರಡೂ ಕಿವಿ ಕೆಂಪಾಗಿದ್ದವು. ಹಾಗೆ ನಾನು ನೋಡಿದ್ದು ಅದೊಂದೇ ಸಲ.

"ಪೂರ್ತಿ ಅಳಿಸಿಬಿಟ್ಟಿರಾ?" ಎಂದು ಆತ ಕೇಳಿದ.

"ಹೌದು."

"ನನಗೊಂದು ಕಾಪಿ ಬೇಕಿತ್ತು. ಅವಳ ಹೆಸರು ಕರೆದ ಗಳಿಗೆಯದು ಬೇರೆ ಫೋಟೋ ನಮ್ಮಲ್ಲಿಲ್ಲ." ಆಮೇಲೆ ನನ್ನತ್ತ ನೋಡಿ, "ಕೆಳಗಿನ ಸಾಲು ಬೇಡ" ಎಂದ.

ಅದನ್ನು ಕಳಿಸಿದ್ದ ಓದುಗರ ಇಮೇಲಿನಲ್ಲಿ ಫೋಟೋ ಉಳಿದಿತ್ತು; ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಫ್ರೇಮು ಹಾಕಿಸಿ ಕಳಿಸಿದೆವು. ಮುಂದಿನ ಭಾನುವಾರ ನಾನು ಅಪ್ಪನಿಗೆ ಫೋನ್ ಮಾಡಿ ಗೇಟಿನ ಮಾತೆತ್ತಿದೆ. "ಅಯ್ಯೋ, ಬಿಸಿಲಿತ್ತು ಕಣವ್ವ, ನೆರಳಿಗೆ ನಿಂತಿದ್ದೆ" ಎಂದು ಅಪ್ಪ ಸುಳ್ಳು ಹೇಳಿದರು.

ಅಟ್ಲಾಂಟಾದವರು ಸೈಟು ಕೊಳ್ಳಲಿಲ್ಲ. ಅಂದಿನಿಂದ ಬಾಸ್ ಒಂದು ಕಟ್ಟುಪಾಡು ಮಾಡಿದರು: ಯಾರ ಮೇಲಿನ ಜೋಕೋ ಅವರಿಗೆ ಮೊದಲು ಓದಿ ಹೇಳಬೇಕು, ಅವರು ನಕ್ಕರೆ ಮಾತ್ರ ಹಾಕಬೇಕು. ಹಾಗೆ ಮಾಡಿದರೆ ತಮಾಷೆಯ ಸೈಟು ಎಷ್ಟು ದಿನ ನಡೆದೀತು? ಎರಡು ವರ್ಷಕ್ಕೆ ಮುಚ್ಚಿತು. ಆಮೇಲೆ ಅವರು ರಾಕ್‌ವಿಲ್‌ನಲ್ಲಿ, ರೋಗಿಗಳಿಗೆ ಡಾಕ್ಟರ ಅಪಾಯಿಂಟ್‌ಮೆಂಟ್ ನೆನಪಿಸುವ ಸಾಫ್ಟ್‌ವೇರ್ ಕಂಪನಿ ಕಟ್ಟಿದರು. ನಾನೂ ಜೊತೆಗೆ ಹೋದೆ. ಅದು ನಿಂತಿತು. ಇವತ್ತಿಗೂ ನನ್ನ ಅನ್ನ ಅದರದ್ದೇ.

೨೦೧೯ರಲ್ಲಿ ಬಾಸ್ ಹೃದಯಾಘಾತವಾಗಿ ಹೋಗಿಬಿಟ್ಟರು. "ನಾನು ಹೋದ್ರೆ ಫೋಟೋದ ಕೆಳಗಿನ ಸಾಲು ನೀನೇ ಬರೀಬೇಕು ಕಣಮ್ಮ" ಎಂದು ಹಿಂದೊಮ್ಮೆ ಅಂದಿದ್ದರು. ತಮಾಷೆಗೆ ಅಂದದ್ದಲ್ಲವೆಂದು ನನಗೆ ಗೊತ್ತಿತ್ತು, ಆಗ ಕಿವಿ ನೋಡಿದ್ದೆ, ಕೆಂಪಾಗಿರಲಿಲ್ಲ. ಶ್ರದ್ಧಾಂಜಲಿಯ ಕಾರ್ಡಿಗೆ, ಅವರು ಬಿಗಿದ ತುಟಿಯಲ್ಲಿ ಕೂತ ಒಂದು ಫೋಟೋ ಆರಿಸಿದೆ. ಬರೆದ ಸಾಲನ್ನು ಮೊದಲು ಆಂಟಿಗೆ ಓದಿ ಹೇಳಿದೆ:

'ಇಲ್ಲಿ ನಗುತ್ತಿದ್ದಾರೆ. ಕಿವಿ ನೋಡಿ.'

ಆಂಟಿ ಫೋಟೋ ಹತ್ತಿರ ಬಗ್ಗಿ ನೋಡಿದರು. ಅಳುತ್ತಿದ್ದವರು ನಕ್ಕರು.

ಆಮೇಲೆ ಹಾಕಿದೆ.