ಎರಡು ದೀಪ ಉಳಿಯಬೇಕು

ಅರ್ಧ ತುಂಬಿದ ಡಬ್ಬಿಯನ್ನು ಗೋದಾಮಿನೊಳಗೆ ಬಿಡದೆ ಮೂವತ್ತು ವರ್ಷ ಕಾದ ನಿವೃತ್ತ ಯಜಮಾನರಿಗೆ, ಗೇಮ್ ಕಂಟ್ರೋಲರ್‌ಗಳನ್ನು ಬಹುಕಾಲ ಎತ್ತಿಡುವಾಗ ಬ್ಯಾಟರಿ ಅರ್ಧವೇ ಇರಬೇಕೆಂಬುದು ತಲೆಗೆ ಹತ್ತದು. ಪ್ರತಿಯೊಂದರಲ್ಲೂ ಚಾರ್ಜು ತೋರಿಸುವ ನಾಲ್ಕರಲ್ಲಿ ಎರಡು ದೀಪ ಉರಿಯಬೇಕು. ಚಾರ್ಜಿಗೆ ಹಾಕಿ ಕನ್ನಡಕ ಹುಡುಕುವಷ್ಟರಲ್ಲಿ ಮೂರಾಗುತ್ತವೆ, ಇಳಿಸಲೆಂದು ಆಡಿದರೆ ಒಂದೇ ಉಳಿಯುತ್ತದೆ. ಅವರ ಕಂಟ್ರೋಲರ್ ಏರಿಗೆಳೆದರೆ ಹೆಂಡತಿಯದು ನೀರಿಗೆ. “ಅರ್ಧ ಅಂದ್ರೆ ಏರೋವಾಗಿಂದೋ, ಇಳಿಯೋವಾಗಿಂದೋ?” ಎಂದು ಅವನ್ನು ಎತ್ತಿಡಲೆಂದು ತಂದ ಖಾಲಿ ಪೆಟ್ಟಿಗೆಯನ್ನೇ ಕೇಳುತ್ತಾರೆ. ತನ್ನ ಕೈ ನಡುಗತೊಡಗಿದ ಮೇಲೆ ಆಟ ಸಾಕೆಂದವಳು ಹೆಂಡತಿ. “ಇನ್ನೂ ಎತ್ತಿಡ್ಲಿಲ್ವೇನ್ರೀ?” ಎಂದು ದಿನಾ ಗದರುವವಳೂ ಅವಳೇ. “ನಿಂದು ಇಳೀತಿಲ್ಲ ಕಣೆ, ಒಂದಾಟ ಆಡು.” ನಡುಗುವ ಬೆರಳುಗಳಲ್ಲೇ ಆಡಿ, ಸೋತು, ಬಿದ್ದು ಬಿದ್ದು ನಕ್ಕು, “ಈಗ ನೋಡಿ” ಎಂದು ಕೊಡುತ್ತಾಳೆ. ಸರಿಯಾಗಿ ಎರಡೇ ದೀಪ. ಯಜಮಾನರು ತಬ್ಬಿಬ್ಬಾಗಿ, ಅವುಗಳ ಮೇಲೆ ಹೆಬ್ಬೆರಳಿಟ್ಟು, “ಇನ್ನೂ ಮೂರಿದೆ ಕಣೆ” ಎನ್ನುತ್ತಾರೆ.