ದನಿ ಒಡೆದ ಒಂಬತ್ತು ಹಾಡುಗಳು

ಅವನ ದನಿ ಬದಲಾಗುತ್ತಿದೆ ಎಂದು ಮೊದಲು ಗೊತ್ತಾದದ್ದು ನನಗೆ. ಅವನ ಮನೆಯವರಿಗಲ್ಲ, ಅವನಿಗೂ ಅಲ್ಲ. ನಮ್ಮ ಆಲ್ಬಮ್ಮಿನ ಐದನೆಯ ಹಾಡನ್ನು ರೆಕಾರ್ಡ್ ಮಾಡುತ್ತಿದ್ದ ಭಾನುವಾರ ನಾನು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಪಲ್ಲವಿಯ ಕೊನೆಯಲ್ಲಿ ಸ್ವರ ಮೇಲೇರುವ ಕಡೆ ಒಂದು ಸೀಳು ಕೇಳಿಸಿತು. ನಮ್ಮಪ್ಪನ ಬಟ್ಟೆ ಅಂಗಡಿಯಲ್ಲಿ ಥಾನು ಹರಿಯುವಾಗ ಮೊದಲ ಎಳೆ ಬಿಡುವ ಸದ್ದು ಬರುತ್ತದಲ್ಲ, ಅಷ್ಟೇ ಸಣ್ಣದು. ಮೈಕು ಕೆಟ್ಟಿರಬೇಕೆಂದು ಕೇಬಲ್ ಬದಲಿಸಿ ಮತ್ತೆ ಹಾಡಿಸಿದೆ. ಸೀಳು ಅಲ್ಲೇ ಇತ್ತು.

ನಾವು ಮೂವರು. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಬೇಸ್ ಗಿಟಾರ್ ನನ್ನದು, ರೆಕಾರ್ಡಿಂಗ್ ಕೆಲಸವೂ ನನ್ನದೇ. ಡ್ರಮ್ಸ್ ಬಾರಿಸುವವನು ಬೆಳಗಾವಿಯ ಕ್ಯಾಂಪಿನವನು, ಚರ್ಚಿನಲ್ಲೂ ಮದುವೆಗಳಲ್ಲೂ ಬಾರಿಸಿ ಕೈ ಪಳಗಿಸಿಕೊಂಡವನು. ಹಾಡು ಬರೆಯುವುದು, ಗಿಟಾರ್ ನುಡಿಸುವುದು, ಹಾಡುವುದು ಮೂರೂ ಮೂರನೆಯವನ ಪಾಲಿಗೆ. ಅವನು ಖಾನಾಪುರದವನು. ಕುರಿ ಸಾಕಿ ಬದುಕಿದ ಮನೆತನ. ಅವನ ಕಾಲಕ್ಕೆ ಕುರಿಗಳು ಹೋಗಿ, ದಿನಾ ಬಸ್ಸಿನಲ್ಲಿ ಬೆಳಗಾವಿಗೆ ಬಂದು ಆಟೋ ನಗರದ ಒಂದು ಗ್ಯಾರೇಜಿನಲ್ಲಿ ವಾಹನಗಳಿಗೆ ಬಣ್ಣ ಹೊಡೆಯುತ್ತಿದ್ದ.

ನನ್ನ ಸ್ಕೂಟರಿಗೆ ಬಣ್ಣ ಹಾಕಿಸಲು ಹೋದಾಗಲೇ ಅವನ ಪರಿಚಯವಾದದ್ದು. ಮುಖಕ್ಕೆ ಕರವಸ್ತ್ರ ಬಿಗಿದುಕೊಂಡು, ಒಂದು ಕೈಯಲ್ಲಿ ಸ್ಪ್ರೇ ಗನ್ ಹಿಡಿದು, ಕಂಪ್ರೆಸರಿನ ಗದ್ದಲದ ನಡುವೆ ತನಗಷ್ಟೇ ಕೇಳಿಸುವ ಹಾಗೆ ಹಾಡಿಕೊಳ್ಳುತ್ತಿದ್ದ. ಯಾರದು ಈ ಹಾಡು ಎಂದು ಕೇಳಿದೆ. "ನಂದ ರೀ ಅಕ್ಕಾರ. ಸುಮ್ಮ ಕಟ್ಟೇನಿ" ಎಂದ. ಆರು ತಿಂಗಳಿಗೆ ಆ 'ರೀ' ಹೋಗಿ ಬರೀ ಅಕ್ಕ ಉಳಿಯಿತು. ನಾನು ಅವನಿಗಿಂತ ನಾಲ್ಕು ವರ್ಷ ದೊಡ್ಡವಳು.

ಕ್ಯಾಂಪಿನಲ್ಲಿ ಡ್ರಮ್ಮರನ ಮನೆಯ ಹಿಂಬದಿಯ ಕೋಣೆಯೇ ನಮ್ಮ ಸ್ಟುಡಿಯೋ. ಗೋಡೆಗೆ ಹಳೆಯ ಗಾದಿಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದೆವು. ಭಾನುವಾರ ಅವರ ಮನೆಯವರು ಚರ್ಚಿನಿಂದ ಬಂದ ಮೇಲೆ ಶುರು ಮಾಡಿದರೆ ಸಂಜೆ ಐದಕ್ಕೆ ಮುಗಿಸಬೇಕಿತ್ತು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟಕ್ಕೆ ಶಿವಬಸವ ನಗರದ ಮನೆ ಸೇರದಿದ್ದರೆ ನನ್ನ ಅವ್ವ ಉಪವಾಸ ಕೂರುತ್ತಿದ್ದಳು. ಹಾಗೆ ಯುಗಾದಿಗೆ ಮೊದಲು ನಾಲ್ಕು ಹಾಡು ಮುಗಿದಿದ್ದವು. ಚೆನ್ನಾಗಿಯೇ ಇದ್ದವು. ಆದರೆ ಟಿವಿಯ ಸ್ಪರ್ಧೆಗಳಲ್ಲಿ ಹಾಡುವ ನೂರು ಜನರ ಹಾಗೆ ಚೆನ್ನಾಗಿದ್ದವು. ಇನಿದಾದ, ತೊಳೆದಿಟ್ಟಂಥ ದನಿ. ಕೇಳಿದವರು ಹೊಗಳಿ ಮರೆಯುತ್ತಿದ್ದರು.

ಐದನೆಯ ಹಾಡು 'ಬಣ್ಣ ಒಣಗೂ ತನಕ'. ಸೀಳು ಕಾಣಿಸಿಕೊಂಡದ್ದು ಅದರಲ್ಲೇ.

"ಥಿನ್ನರ್ ವಾಸನಿ ಅಕ್ಕಾ. ಈ ವಾರ ಮೂರು ಟೆಂಪೋ ಹೊಡದೇನಿ" ಎಂದು ಅವನು ನಕ್ಕ. ನನ್ನ ಅವ್ವ ಗಂಟಲಿಗೆಂದು ಜ್ಯೇಷ್ಠಮಧು ಕೊಟ್ಟು ಕಳಿಸಿದಳು. ಅವನು ಅದನ್ನು ಅಗಿಯುತ್ತ ಬಂದ, ಬಿಸಿನೀರು ಕುಡಿದ, ತಂಪು ಪಾನೀಯ ಬಿಟ್ಟ. ಎರಡು ವಾರ ಕಳೆಯಿತು, ಮೂರು ಕಳೆಯಿತು. ದನಿ ಸರಿಹೋಗಲಿಲ್ಲ. ಇನ್ನಷ್ಟು ಒಡೆಯಿತು.

ಅಷ್ಟರಲ್ಲಿ ಡ್ರಮ್ಮರನೂ ನಾನೂ ಒಂದು ದಿನ ಆ ಐದನೆಯ ಹಾಡನ್ನು ಮೊದಲಿನ ನಾಲ್ಕರ ಪಕ್ಕದಲ್ಲಿಟ್ಟು ಕೇಳಿದೆವು. ಆ ಸೀಳಿದ ದನಿಯ ಮುಂದೆ ಉಳಿದ ನಾಲ್ಕು ಹಾಡು ಸಪ್ಪಗಿದ್ದವು. ಹಾಡಿನಲ್ಲಿ ಬರುವ 'ಮುಟ್ಟಬೇಡ' ಎಂಬ ಒಂದೇ ಮಾತು ಆ ದನಿಯಲ್ಲಿ ಬೇಡಿಕೆಯಾಗಿತ್ತು, ಬೆದರಿಕೆಯೂ ಆಗಿತ್ತು.

"ನಾಲ್ಕೂ ಮತ್ತ ಹಾಡಿಸೂಣು ಯಾರ್. ಇದ ದನಿಯೊಳಗ" ಎಂದ ಡ್ರಮ್ಮರ್.

ನಾನು ಹೂಂ ಎಂದೆ. ಹಾಡುವವನಿಗೆ ಅದನ್ನು ಹೇಳಲು ಹೋದಾಗ ಅವನೇ ಬೇರೊಂದು ಮಾತು ತೆಗೆದ. "ಅಕ್ಕಾ, ಒಮ್ಮೆ ದವಾಖಾನಿಗೆ ತೋರಿಸಿ ಬರ್ಲೇನು? ನುಂಗೂ ಮುಂದ ಏನೋ ಸಿಕ್ಕಂಗ ಆಗತೈತಿ."

ನಾನು ಅವತ್ತು ಆಡಿದ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇನೆ. "ತೋರಿಸೂಣ ತಮ್ಮಾ, ಅವಸರ ಏನೈತಿ. ಈಗ ಗುಳಿಗಿ ತಗೊಂಡು ದನಿ ಮೊದಲಿನಂಗ ಆಗಿಬಿಟ್ರ ಅರ್ಧ ಆಲ್ಬಮ್ ಒಂದು ನಮೂನಿ, ಅರ್ಧ ಒಂದು ನಮೂನಿ ಆಗತೈತಿ. ಇದು ಮುಗೀಲಿ."

ಅವನು ತಲೆಯಾಡಿಸಿದ. ನಾಲ್ಕು ಹಾಡುಗಳನ್ನೂ ಮತ್ತೆ ಹಾಡಿದ. ಡಿಸ್ಕಿನಲ್ಲಿ ಜಾಗ ಸಾಲುತ್ತಿರಲಿಲ್ಲ. ಹಳೆಯ ಟೇಕ್‌ಗಳನ್ನೆಲ್ಲ ಅಳಿಸಿಹಾಕಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಮಳೆಗಾಲದ ಮಧ್ಯದಲ್ಲಿ ಒಂದು ದಿನ ಅವನ ಖಾನಾಪುರದ ಮನೆಗೆ ಊಟಕ್ಕೆ ಹೋಗಿದ್ದೆ. ಅವನ ತಾಯಿ ನನಗಾಗಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕದೆ ಬೇರೆಯಾಗಿ ಬೇಳೆ ಮಾಡಿದ್ದರು. ಊಟದ ನಡುವೆ ಅವನಿಗೆ ಕೆಮ್ಮು ಹತ್ತಿತು. ಎದ್ದು ಹಿತ್ತಲಿಗೆ ಹೋದ. ತಾಯಿ ತಾಟಿಗೆ ಅನ್ನ ಹಾಕುತ್ತಿದ್ದವರು ಕೈ ನಿಲ್ಲಿಸಿ ಆ ಕೆಮ್ಮನ್ನು ಕೇಳಿಸಿಕೊಂಡರು. ತಲೆ ಒಂದು ಕಡೆ ವಾಲಿಸಿ, ಬಹಳ ಗಮನ ಕೊಟ್ಟು ಕೇಳಿದರು.

"ಯವ್ವಾ, ನಿನಗೊಂದು ಮಾತ ಹೇಳತೇನಿ. ಇದು ನೆಗಡಿ ಕೆಮ್ಮ ಅಲ್ಲ. ಬಣ್ಣದ್ದೂ ಅಲ್ಲ. ಕುರಿ ಹಿಂಗ ಉಸರ ಎಳ್ಯಾಕ ಹತ್ತಿದ್ರ ನಮ್ಮ ಮಾವ ಅದನ್ನ ಹಿಂಡಿನಾಗ ಬಿಡತಿರಲಿಲ್ಲ, ಬ್ಯಾರೆ ಕಟ್ಟತಿದ್ದ. ಖರೇನ ಹೇಳತೇನಿ, ಒಂದೂ ಉಳೀತಿರಲಿಲ್ಲ. ನನ್ನ ಮಾತ ಅವ ಕೇಳಂಗಿಲ್ಲ, ನಿನ್ನ ಮಾತ ಕೇಳತಾನ. ದೊಡ್ಡ ಡಾಕ್ಟರಿಗೆ ತೋರಿಸಂತ ಹೇಳು."

ಹೇಳುತ್ತೇನೆ ಎಂದೆ. ಅವನು ಬಾಯಿ ಒರೆಸಿಕೊಳ್ಳುತ್ತ ಬಂದು ಕೂತ. ಕರವಸ್ತ್ರದ ಮೇಲೆ ಕೆಂಪು ಕಲೆ ಇತ್ತು. ನಾನು ನೋಡಿದ್ದನ್ನು ನೋಡಿ, "ರೆಡ್ ಆಕ್ಸೈಡ್ ಅಕ್ಕಾ, ಬಣ್ಣ ಹೊಡ್ಯೂ ಮೊದಲ ಹಚ್ಚತೇವಲ್ಲ" ಎಂದು ಕರವಸ್ತ್ರ ಮಡಚಿ ಜೇಬಿಗಿಟ್ಟ. ಇರಬಹುದು. ಅವನ ಉಗುರ ಸಂದಿಯಲ್ಲೂ ಅದೇ ಬಣ್ಣವಿತ್ತು. ನಂಬಲು ನನಗೆ ಅಷ್ಟೇ ಸಾಕಾಯಿತು. ತಾಯಿ ಹೇಳಿದ್ದನ್ನು ಅವನಿಗೆ ಹೇಳಲಿಲ್ಲ. ಇನ್ನೆರಡು ಹಾಡು ಉಳಿದಿದ್ದವು.

ಕೊನೆಯ ಹಾಡಿನ ಹೊತ್ತಿಗೆ ಅವನು ಉಸಿರು ತೆಗೆದುಕೊಳ್ಳುವಾಗ ಸಣ್ಣಗೆ ಸಿಳ್ಳೆಯಂಥ ಸದ್ದು ಬರತೊಡಗಿತ್ತು. ಕೋಣೆಯಲ್ಲಿ ಎದುರು ನಿಂತರೆ ಕೇಳಿಸದು. ಹೆಡ್‌ಫೋನಿನಲ್ಲಿ ಪ್ರತಿ ಸಾಲಿನ ಮುಂದೆ ಸ್ಪಷ್ಟವಾಗಿ ಕೇಳುತ್ತಿತ್ತು. ಹಾಡಿಗೆ ಅದು ಅಡ್ಡ. ನಾಲ್ಕು ದಿನ ಕಾಲೇಜಿನಿಂದ ಬಂದು ಕೂತು, ಕಂಪ್ಯೂಟರಿನಲ್ಲಿ ಒಂದೊಂದೇ ಉಸಿರನ್ನು ಹುಡುಕಿ ಕತ್ತರಿಸಿದೆ. ತೆರೆಯ ಮೇಲೆ ಅದು ಸಣ್ಣ ಜೊಂಡಿನ ಹಾಗೆ ಕಾಣುತ್ತಿತ್ತು. ಗುರುತು ಹಾಕುವುದು, ಅಳಿಸುವುದು. ಕೆಲಸ ಅಚ್ಚುಕಟ್ಟಾಗಿ ಆಯಿತೆಂದು ಸಮಾಧಾನವೂ ಆಯಿತು. ಅವನ ಗಂಟಲಲ್ಲಿ ಆಗುತ್ತಿದ್ದುದನ್ನು ನನ್ನಷ್ಟು ಹತ್ತಿರದಿಂದ ಕೇಳಿದವರು ಇನ್ನಾರೂ ಇಲ್ಲ.

ದೀಪಾವಳಿಗೆ ಒಂಬತ್ತು ಹಾಡುಗಳ ಆಲ್ಬಮ್ಮನ್ನು ಇಂಟರ್ನೆಟ್ಟಿಗೆ ಹಾಕಿದೆವು. ಮೊದಲ ವಾರ ನೆಂಟರಿಷ್ಟರನ್ನು ಬಿಟ್ಟು ಯಾರೂ ಕೇಳಲಿಲ್ಲ. ಆಮೇಲೆ ಯಾರೋ ಲಾರಿ ಚಾಲಕರೊಬ್ಬರು ಘಾಟಿನಲ್ಲಿ ಗಾಡಿ ಓಡಿಸುವ ತಮ್ಮ ವಿಡಿಯೋಕ್ಕೆ 'ಬಣ್ಣ ಒಣಗೂ ತನಕ' ಹಾಕಿದರು. ಅಲ್ಲಿಂದ ಅದು ಹಬ್ಬಿತು. ಪಾಲಿಟೆಕ್ನಿಕ್ಕಿನ ಕಾರಿಡಾರಿನಲ್ಲಿ, ರಿಕ್ಷಾಗಳಲ್ಲಿ, ಸಲೂನುಗಳಲ್ಲಿ ಕೇಳತೊಡಗಿತು. ಒಂದು ಹಾಡಿನಲ್ಲಿ ಎರಡು ಸಾಲು ಮರಾಠಿ ಇದ್ದುದಕ್ಕೆ ಕೆಲವರು ಬೈದರು, ಎರಡೇ ಸಾಲು ಯಾಕೆಂದು ಇನ್ನು ಕೆಲವರು ಬೈದರು. ಆದರೆ ದನಿಯ ಬಗ್ಗೆ ಎಲ್ಲರದೂ ಒಂದೇ ಮಾತು. ಪತ್ರಿಕೆಯಲ್ಲಿ ಬರೆದವರು ಆ ದನಿಯಲ್ಲಿ ಗಾಯವಿದೆ, ಅದು ತರಬೇತಿಯಿಂದ ಬರುವಂಥದ್ದಲ್ಲ ಎಂದು ಮೆಚ್ಚಿಕೊಂಡಿದ್ದರು. ಅವನು ಆ ತುಣುಕನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿಕೊಂಡ.

ಆ ಹೊತ್ತಿಗೆ ಮಾತಾಡುವಾಗಲೂ ಅವನ ದನಿ ಪಿಸುಮಾತಿಗೆ ಬಂದಿತ್ತು. ಕಾರ್ಯಕ್ರಮಗಳಿಗೆ ಉಳಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆವು. ಡಾಕ್ಟರ ಮಾತು ನಾನೂ ತೆಗೆಯಲಿಲ್ಲ, ಅವನೂ ತೆಗೆಯಲಿಲ್ಲ. ಆಲ್ಬಮ್ ಮುಗಿದಿತ್ತು, ಆದರೆ ಈಗ ಕಾರ್ಯಕ್ರಮಗಳಿದ್ದವು.

ಡಿಸೆಂಬರಿನಲ್ಲಿ ನಗರದ ಒಂದು ಕಾಲೇಜು ಮೈದಾನದಲ್ಲಿ ನಮ್ಮದು ಮೊದಲ ದೊಡ್ಡ ಕಾರ್ಯಕ್ರಮ. ಇನ್ನೂ ಬಿಸಿಲಿತ್ತು. ನಾಲ್ಕು ಹಾಡು ಹಾಡಿದ. ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದಿದ್ದವು. ಐದನೆಯದಕ್ಕೆ ಡ್ರಮ್ಮರ್ ಎಣಿಕೆ ಕೊಟ್ಟ, ನಾನು ಬೇಸ್ ಶುರು ಮಾಡಿದೆ, ಅವನು ಮೈಕಿಗೆ ಬಾಯಿ ಹಚ್ಚಿದ. ಸ್ಪೀಕರುಗಳಿಂದ ಬರೀ ಗಾಳಿ ಬಂತು. ಆ ಹಾಡು ಎಲ್ಲರಿಗೂ ಬಾಯಿಪಾಠ. ಅವನು ತಮಗೆ ಬಿಟ್ಟುಕೊಟ್ಟನೆಂದು ತಿಳಿದು ಜನ ತಾವೇ ಹಾಡತೊಡಗಿದರು. ಮೊಬೈಲುಗಳು ಮೇಲೆದ್ದವು. ಇಡೀ ಮೈದಾನ ಅವನ ಸಾಲುಗಳನ್ನು ಹಾಡುತ್ತಿತ್ತು, ಅವನು ಬಾಯಿ ತೆರೆದುಕೊಂಡು ನಿಂತಿದ್ದ. ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ಅಂಥ ಭಯವನ್ನು ನಾನು ನೋಡಿರಲಿಲ್ಲ. ನನ್ನ ಬೆರಳುಗಳು ಮಾತ್ರ ನಿಲ್ಲಲಿಲ್ಲ. ಹಾಡು ಮುಗಿಯುವವರೆಗೆ ನುಡಿಸಿದೆ.

ಮರುದಿನ ಗಂಟಲು ತಜ್ಞರ ಬಳಿ ಕರೆದೊಯ್ದೆ. ಮೂಗಿನಿಂದ ಸಣ್ಣ ಕೊಳವೆ ಇಳಿಸಿ ಒಳಗಿನದನ್ನು ಟಿವಿಯಲ್ಲಿ ನೋಡಿದರು. ನಮಗೂ ಕಾಣಿಸಿತು. ಒಂದು ಕಡೆಯ ಸ್ವರತಂತುವಿನ ಮೇಲೆ ಹೂಕೋಸಿನಂಥ ಬೆಳವಣಿಗೆ. ಇನ್ನೊಂದು ಕಡೆಯದು ಅಲುಗಾಡುತ್ತಿರಲಿಲ್ಲ.

"ದನಿ ಕಟ್ಟಿ ಎಷ್ಟ ದಿವಸ ಆತು?" ಎಂದು ಡಾಕ್ಟರ್ ಕೇಳಿದರು.

ಅವನು ನನ್ನ ಮುಖ ನೋಡಿ, ಒಂದು ಬೆರಳೆತ್ತಿ, "ಒಂದ ತಿಂಗಳ ಆಗಿರಬೇಕ್ರಿ" ಎಂದು ಪಿಸುಗುಟ್ಟಿದ.

"ಒಂಬತ್ತು ತಿಂಗಳ ಆತ್ರಿ" ಎಂದೆ ನಾನು.

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು. ಮೂರು ವಾರ ದಾಟಿದ ಮೇಲೂ ದನಿ ಬಿಡದಿದ್ದರೆ ತೋರಿಸಿಕೊಳ್ಳಬೇಕಿತ್ತು ಎಂದಷ್ಟೇ ಹೇಳಿ ಪರೀಕ್ಷೆಗಳನ್ನು ಬರೆದುಕೊಟ್ಟರು. ವರದಿಯಲ್ಲಿ ಕ್ಯಾನ್ಸರ್ ಎಂದು ಬಂತು. ಅವನು ಸಿಗರೇಟು ಮುಟ್ಟಿದವನಲ್ಲ. ಬಣ್ಣದ ಹೊಗೆಯಿಂದ ಬಂತೇ ಎಂದು ಕೇಳಿದ್ದಕ್ಕೆ, ಇರಬಹುದು, ಖಚಿತವಾಗಿ ಹೇಳಲಾಗದು ಎಂದರು. ಸಂಕ್ರಾಂತಿ ಕಳೆದ ವಾರ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವನು ಉಸಿರಾಡುವುದು ಕುತ್ತಿಗೆಯ ಬುಡದಲ್ಲಿರುವ ರಂಧ್ರದಿಂದ. ಅದರ ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿಕೊಳ್ಳುತ್ತಾನೆ.

ಆಸ್ಪತ್ರೆಯಲ್ಲಿದ್ದಾಗಲೇ ಅವನಿಗೆ ಹೇಳಿಬಿಟ್ಟೆ. ಅವನ ತಾಯಿ ಖಾನಾಪುರದಲ್ಲಿ ಏನು ಹೇಳಿದ್ದರು, ನಾನು ಯಾಕೆ ಮುಚ್ಚಿಟ್ಟೆ, ಉಸಿರುಗಳನ್ನು ಹೇಗೆ ಕತ್ತರಿಸಿದೆ ಎಲ್ಲವನ್ನೂ. ಅವನು ಬಹಳ ಹೊತ್ತು ಮೊಬೈಲಿನಲ್ಲಿ ಬರೆದ, ಅಳಿಸಿದ, ಮತ್ತೆ ಬರೆದ. ಕೊನೆಗೆ ನನಗೆ ತೋರಿಸಿದ್ದು ಮೂರು ಸಾಲು. "ಅವ್ವ ನನಗೂ ಹೇಳಿದ್ಲು. ನನಗೂ ಆ ದನಿ ಸೇರಿತ್ತು. ಆದ್ರೂ ನೀ ನನಗ ಹೇಳಬೇಕಿತ್ತು ಅಕ್ಕಾ."

ಅವನ ತಾಯಿ ನನ್ನೊಡನೆ ಮಾತು ಬಿಡಲಿಲ್ಲ. ಆದರೆ ಅವರ ಮನೆಗೆ ಹೋದರೆ ಚಹಾ ಕೊಟ್ಟು ಒಳಗೆ ಹೋಗಿಬಿಡುತ್ತಾರೆ.

ಗ್ಯಾರೇಜಿನ ಮಾಲೀಕರು ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ಸ್ಪ್ರೇ ಹತ್ತಿರ ಹೋಗುವಂತಿಲ್ಲ. ಮುಂದಿನ ಕೋಣೆಯಲ್ಲಿ ಕೂತು ಕಂಪ್ಯೂಟರ್ ನೋಡಿ, ಯಾವ ಗಾಡಿಗೆ ಯಾವ ಬಣ್ಣ ಎಷ್ಟು ಬೆರೆಸಬೇಕೆಂದು ಚೀಟಿ ಬರೆದುಕೊಡುತ್ತಾನೆ. ಡ್ರಮ್ಮರ್ ಈಗ ಚರ್ಚಿನಲ್ಲಿ ಮಾತ್ರ ಬಾರಿಸುತ್ತಾನೆ. ಕೋಣೆಯ ಗಾದಿಗಳನ್ನು ಇಳಿಸಿದ್ದಾರೆ.

ಹಾಡುಗಳನ್ನು ಕೇಳುವವರು ಮಾತ್ರ ಹೆಚ್ಚುತ್ತಲೇ ಇದ್ದಾರೆ. ಅವನ ಸುದ್ದಿ ಹೊರಬಿದ್ದ ಮೇಲಂತೂ ಇನ್ನೂ ಹೆಚ್ಚಾದರು. ಕಳೆದ ವರ್ಷ ಹೊರಗಿನ ಊರಿನವರೊಬ್ಬರು ಫೋನು ಮಾಡಿ, ಆ ಒಂಬತ್ತು ಹಾಡುಗಳನ್ನು ಕೊಟ್ಟರೆ ಕಂಪ್ಯೂಟರಿಗೆ ಅವನ ದನಿ ಕಲಿಸಬಹುದು, ಅವನು ಹಾಡು ಬರೆದರೆ ಸಾಕು, ಎರಡನೆಯ ಆಲ್ಬಮ್ ಆಗುತ್ತದೆ ಎಂದರು. ಡ್ರಮ್ಮರನಿಗೆ ಆಸೆಯಾಯಿತು. ಸುಳ್ಳು ಯಾಕೆ, ನನಗೂ ಆಯಿತು. ಇಬ್ಬರೂ ಆಟೋ ನಗರಕ್ಕೆ ಹೋಗಿ ಅವನಿಗೆ ವಿಷಯ ಹೇಳಿದೆವು. ಅವನು ಬಣ್ಣದ ಚೀಟಿಯ ಹಿಂಬದಿಯಲ್ಲೇ ಬರೆದ.

"ಅದು ನನ್ನ ದನಿ ಅಲ್ಲ. ರೋಗದ ದನಿ. ನಂದು ಬೇಕಂದ್ರ ಮೊದಲಿನ ನಾಲ್ಕು ಹಾಡು ಕೊಡ್ರಿ."

ಡ್ರಮ್ಮರ್ ನನ್ನ ಕಡೆ ನೋಡಿದ. ಆ ನಾಲ್ಕರ ಹಳೆಯ ಟೇಕ್‌ಗಳನ್ನು ನಾನು ಅಳಿಸಿದ ವಿಷಯ ಹೇಳಿದೆ. ಚೀಟಿ ಬರೆದವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಚೀಟಿಯನ್ನು ಮಡಚಿ ಬುಟ್ಟಿಗೆ ಹಾಕಿ, ಹೊರಗೆ ಕಾಯುತ್ತಿದ್ದ ಗಿರಾಕಿಯ ಕಡೆ ಹೋದ.

ಮೂರು ತಿಂಗಳಿಗೊಮ್ಮೆ ಅವನನ್ನು ತಪಾಸಣೆಗೆ ನಾನೇ ಕರೆದೊಯ್ಯುತ್ತೇನೆ. ಇಷ್ಟು ದಿನ ವರದಿಗಳು ಚೆನ್ನಾಗಿದ್ದವು. ಹೋದ ಸಲ ಡಾಕ್ಟರ್ ಸ್ಕ್ಯಾನನ್ನು ದೀಪಕ್ಕೆ ಹಿಡಿದು ರೂಢಿಗಿಂತ ಹೆಚ್ಚು ಹೊತ್ತು ನೋಡಿದರು. ಶ್ವಾಸಕೋಶದ ಬಲಭಾಗದಲ್ಲಿ ಏನೋ ಸಣ್ಣ ಚುಕ್ಕಿ ಇದೆ, ಏನೂ ಇರಲಿಕ್ಕಿಲ್ಲ, ಆರು ವಾರ ಬಿಟ್ಟು ಮತ್ತೆ ತೆಗೆಸೋಣ ಎಂದರು.

ನಾನು ಆರು ವಾರ ಕಾಯಲು ಒಪ್ಪಲಿಲ್ಲ. ಬೇರೆ ಡಾಕ್ಟರಿಗೂ ತೋರಿಸುತ್ತೇನೆಂದು ಫಿಲ್ಮು ತೆಗೆದುಕೊಂಡು ಬಂದೆ. ಆ ಇನ್ನೊಬ್ಬ ಡಾಕ್ಟರು ಸೋಮವಾರಕ್ಕೆ ಹೊತ್ತು ಕೊಟ್ಟಿದ್ದಾರೆ. ವಾಪಸು ಬರುವಾಗ ಕಾರಿನಲ್ಲಿ ಅವನು ಕಿಟಕಿ ಇಳಿಸಿಕೊಂಡು ಕೂತಿದ್ದ. ಕುತ್ತಿಗೆಯ ಬಟ್ಟೆ ಒಳಗೆ ಹೊರಗೆ ಆಡುತ್ತಿತ್ತು. ಆಟೋ ನಗರದ ತಿರುವಿನಲ್ಲಿ ಇಳಿದು, ಬಾಗಿಲು ಹಾಕಿ, ಎಷ್ಟು ಗಂಟೆಗೆ ಎಂದು ಕೈಸನ್ನೆಯಲ್ಲಿ ಕೇಳಿದ. ಹತ್ತಕ್ಕೆ ಎಂದೆ. ಒಂಬತ್ತೂವರೆಗೇ ಬಾ ಎಂದು ಬೆರಳಲ್ಲಿ ತೋರಿಸಿ ಗ್ಯಾರೇಜಿನೊಳಗೆ ಹೋದ.